ಹೆಸರಿಲ್ಲದ ಜೇನುಗಳು

ಕನ್ನಡ ನಾಡಿನವರು ಜೇನಿಗೆ ಹೆಸರಿಡುವುದರಲ್ಲಿ ಜಿಪುಣರಲ್ಲ. ಬಂಡೆಯ ಅಂಚಿನಲ್ಲಿ, ಎತ್ತರದ ಮರದ ಕೊಂಬೆಯಲ್ಲಿ ದೊಡ್ಡ ತಟ್ಟಿ ಕಟ್ಟುವುದು ಹೆಜ್ಜೇನು. ಪೊಟರೆಯಲ್ಲಿ, ಹುತ್ತದಲ್ಲಿ ಸಂಸಾರ ಹೂಡುವುದು ತುಡುವೆ. ಬೇಲಿಯ ಕಡ್ಡಿಗೆ ಅಂಗೈಯಷ್ಟು ತಟ್ಟಿ ಅಂಟಿಸುವುದು ಕೋಲುಜೇನು. ಗೋಡೆಯ ಬಿರುಕಿನಲ್ಲಿ ಮೇಣದ ಕೊಳವೆ ಇಟ್ಟುಕೊಂಡು ಯಾರನ್ನೂ ಚುಚ್ಚದೆ ಬದುಕುವುದು ಮುಜಂಟಿ. ಈ ನಾಲ್ಕನ್ನೂ ಹಳ್ಳಿಯ ಮಕ್ಕಳು ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ ಬಲ್ಲರು.

ಆದರೆ ಜಗತ್ತಿನಲ್ಲಿ ಇದುವರೆಗೆ ಗುರುತಿಸಿರುವ ಜೇನಿನ ಜಾತಿಗಳು 20,000ಕ್ಕೂ ಹೆಚ್ಚು. ನಮ್ಮ ದೇಶದಲ್ಲೇ 700ಕ್ಕೂ ಹೆಚ್ಚು. ಹಾಗಾದರೆ ಉಳಿದವುಗಳ ಹೆಸರೇನು? ಬಹುಮಟ್ಟಿಗೆ ಅವಕ್ಕೆ ಹೆಸರೇ ಇಲ್ಲ. ಸಣ್ಣದಾಗಿದ್ದರೆ 'ನೊಣ' ಎನ್ನುತ್ತೇವೆ, ದಪ್ಪಗಿದ್ದರೆ 'ದುಂಬಿ' ಎನ್ನುತ್ತೇವೆ, ಮನೆಯೊಳಗೆ ಬಂದರೆ 'ಯಾವುದೋ ಹುಳ' ಎಂದು ಪೊರಕೆ ಎತ್ತುತ್ತೇವೆ. ನಮಗೆ ಜೇನುತುಪ್ಪ ಕೊಟ್ಟವಕ್ಕೆ ಹೆಸರಿಟ್ಟೆವು. ನಮ್ಮ ಹೊಲದಲ್ಲಿ ಕಾಯಿ ಕಟ್ಟಿಸಿದವಕ್ಕೆ ಇಡಲಿಲ್ಲ. ಹೆಸರಿಲ್ಲದ ಜೀವಿ ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ. ಹೋದಾಗ ಯಾರೂ ಹುಡುಕುವುದೂ ಇಲ್ಲ. ಈ ವರ್ಷ ನಮ್ಮ ಶಾಲಾ ಪ್ರವಾಸದಲ್ಲಿ ಈ ಮಾತು ನಮಗೆ ಚೆನ್ನಾಗಿ ಮನವರಿಕೆಯಾಯಿತು. ಅದನ್ನು ಮಕ್ಕಳೊಡನೆ, ಅವರಿಗಿಂತ ಮುಖ್ಯವಾಗಿ ಪೋಷಕರೊಡನೆ ಹಂಚಿಕೊಳ್ಳಬೇಕೆಂದು ಈ ಲೇಖನ.

ಪೊಂಗಲ್ ಹಬ್ಬದ ಹಿಂದಿನ ವಾರ ನಾವು ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ದಿಂಬಂ ಘಾಟಿಯ 27 ತಿರುವುಗಳನ್ನಿಳಿದು, ಸತ್ಯಮಂಗಲ, ಕೊಯಮತ್ತೂರು, ಪೊಳ್ಳಾಚಿಗಳ ಮಾರ್ಗವಾಗಿ ನೆಗಮಂ ಊರಿಗೆ ಹೋಗಿದ್ದೆವು. ಹೋದದ್ದು ಜೇನು ನೋಡಲಿಕ್ಕಲ್ಲ, ಸೀರೆ ನೋಡಲಿಕ್ಕೆ. ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅಲ್ಲಿನ ಕೈಮಗ್ಗದ ನೇಕಾರರಲ್ಲಿ ದೇವಾಂಗದವರು ಬಹಳ. ಅವರ ಮನೆಮಾತು ಕನ್ನಡ. ಶಾಲೆಯಲ್ಲಿ ಓದಿದ್ದು, ಪೇಟೆಯಲ್ಲಿ ಬರೆಯುವುದು ತಮಿಳು. ನಮ್ಮ ವಿದ್ಯಾಭ್ಯಾಸವೂ ಇವೆರಡೂ ಭಾಷೆಗಳಲ್ಲಿ ನಡೆದದ್ದರಿಂದ ನಮಗೆ ಆ ಮನೆಗಳು ಹೊಸವೆನಿಸಲಿಲ್ಲ. ಆದರೆ ನೂರಾರು ವರ್ಷಗಳಿಂದ ಅಕ್ಷರದ ಆಸರೆಯಿಲ್ಲದೆ ಬಾಯಿಂದ ಬಾಯಿಗೆ ಉಳಿದುಬಂದ ಕನ್ನಡವನ್ನು ಅಲ್ಲಿನ ಅಜ್ಜಿಯೊಬ್ಬರ ಬಾಯಲ್ಲಿ ಕೇಳಿ ನಮ್ಮ ಮಕ್ಕಳು ಬೆರಗಾದರು.

ಒಂದು ಮನೆಯಲ್ಲಿ ಮಗ್ಗದ ಮೇಲಿನ ಸೂರಿಗೆ ಹಳೆಯ ಬಿದಿರಿನ ಗಳುಗಳನ್ನು ಸಿಕ್ಕಿಸಿದ್ದರು. ಒಂದು ಗಳುವಿನ ತುದಿಯ ತೂತಿಗೆ ಹಸಿರು ಎಲೆಯ ಬಿರಡೆ ಹಾಕಿದಂತಿತ್ತು. ಯಾರೋ ಹುಡುಗರು ತುರುಕಿದ್ದಾರೆಂದು ನಮ್ಮವನೊಬ್ಬ ಕಡ್ಡಿಯಿಂದ ಕೆದಕಲು ಹೊರಟ. ಮಗ್ಗದಲ್ಲಿ ಕುಳಿತಿದ್ದ ಹಿರಿಯರು ಲಾಳಿ ನಿಲ್ಲಿಸಿ, "ಬೇಡಪ್ಪಾ, ಒಳಗೆ ಮಕ್ಕಳವೆ" ಎಂದರು. ಯಾವ ಹುಳ ಎಂದು ಕೇಳಿದೆವು. "ಹೆಸರು ಗೊತ್ತಿಲ್ಲ. ಎಲೆ ತರೋ ಹುಳ. ನಮ್ಮ ತಂದೆ ಕಾಲದಿಂದ ಬರ್ತದೆ" ಎಂದು ಹೇಳಿ ಮತ್ತೆ ನೇಯತೊಡಗಿದರು.

ನಾವು ಊರಿಗೆ ಬಂದ ಮೇಲೆ ಪುಸ್ತಕ ತೆಗೆದು ನೋಡಿದೆವು, ತಿಳಿದವರನ್ನು ಕೇಳಿದೆವು. ಅದು ಎಲೆ ಕತ್ತರಿಸುವ ಜೇನು. ಇಂಥ ಜೇನಿಗೆ ರಾಣಿಯಿಲ್ಲ, ಆಳುಗಳಿಲ್ಲ, ಸಾವಿರಾರು ಮಂದಿಯ ಗೂಡಿಲ್ಲ. ಒಂದು ಹೆಣ್ಣು ಒಂಟಿಯಾಗಿ ಎಲ್ಲ ಕೆಲಸವನ್ನೂ ಮಾಡುತ್ತದೆ. ಆದ್ದರಿಂದಲೇ ವಿಜ್ಞಾನಿಗಳು ಇವನ್ನು ಒಂಟಿ ಜೇನು ಎನ್ನುವುದು. ಮೇಲೆ ಹೇಳಿದ 20,000 ಜಾತಿಗಳಲ್ಲಿ ಬಹುಪಾಲು ಒಂಟಿ ಜೇನುಗಳೇ. ಗುಲಾಬಿಯ ಎಲೆಯ ಅಂಚಿನಲ್ಲಿ ನಾಣ್ಯವಿಟ್ಟು ಕತ್ತರಿಸಿದಂತೆ ದುಂಡನೆಯ ಕಚ್ಚು ಕಂಡರೆ ಅದು ಈ ತಾಯಿಯ ಗುರುತು. ಉದ್ದನೆಯ ತುಂಡುಗಳನ್ನು ತಂದು ತೂತಿನೊಳಗೆ ಬಟ್ಟಲಿನಂತೆ ಸುತ್ತುತ್ತದೆ. ಹೊಟ್ಟೆಯ ಕೆಳಗಿನ ಕೂದಲಿನಲ್ಲಿ ಪರಾಗ ಹೊತ್ತು ತಂದು, ಮಕರಂದದೊಡನೆ ಕಲಸಿ ಬಟ್ಟಲು ತುಂಬಿಸುತ್ತದೆ. ಅದರ ಮೇಲೆ ಒಂದೇ ಒಂದು ಮೊಟ್ಟೆ. ಅನಂತರ ದುಂಡನೆಯ ಎಲೆಗಳ ಮುಚ್ಚಳ. ಅದರ ಮುಂದೆ ಇನ್ನೊಂದು ಬಟ್ಟಲು. ಒಳಗಿನ ಬಟ್ಟಲುಗಳಲ್ಲಿ ಹೆಣ್ಣು, ಬಾಗಿಲ ಹತ್ತಿರದವುಗಳಲ್ಲಿ ಗಂಡು; ಮೊದಲು ಹೊರಬರಬೇಕಾದವು ಬಾಗಿಲಲ್ಲೇ ಇರಲಿ ಎಂಬ ಏರ್ಪಾಡು. ಕೊನೆಯ ಬಿರಡೆ ಹಾಕಿ ತಾಯಿ ಹೊರಟುಹೋಗುತ್ತದೆ. ಹೆಚ್ಚಿನ ಒಂಟಿ ಜೇನುಗಳಲ್ಲಿ ತಾಯಿ ತನ್ನ ಮಕ್ಕಳ ಮುಖ ನೋಡುವುದಿಲ್ಲ. ಮಕ್ಕಳು ತಾಯಿಯ ಮುಖ ನೋಡುವುದಿಲ್ಲ. ತಾಯಿ ಬಿಟ್ಟುಹೋದ ಬುತ್ತಿಯೊಂದೇ ಅವುಗಳ ನಂಟು.

ಇಲ್ಲಿ ಒಂದು ಲೆಕ್ಕವನ್ನು ಮಕ್ಕಳು ಗಮನಿಸಬೇಕು. ಜೇನುಗೂಡಿನ ರಾಣಿ ದಿನವೊಂದಕ್ಕೆ ನೂರಾರು ಮೊಟ್ಟೆಯಿಡುತ್ತದೆ. ಸಾವಿರ ಆಳು ಸತ್ತರೂ ಗೂಡು ತಡೆದುಕೊಳ್ಳುತ್ತದೆ. ಒಂಟಿ ಜೇನಿನ ತಾಯಿ ಕೆಲವೇ ವಾರಗಳ ಬಾಳಿನಲ್ಲಿ ತುಂಬಿಸುವುದು ಹತ್ತೋ ಇಪ್ಪತ್ತೋ ಬಟ್ಟಲು. ಆ ಕೆಲವು ವಾರಗಳಲ್ಲಿ ಹೂ ಸಿಗದಿದ್ದರೆ ಆ ವರ್ಷದ ಸಂಸಾರವೇ ಇಲ್ಲ. ಹೂ ಇದ್ದರೂ ಸಾಲದು, ಹತ್ತಿರದಲ್ಲಿರಬೇಕು. ಹೆಜ್ಜೇನು ಮೈಲುಗಟ್ಟಲೆ ಹಾರಬಲ್ಲದು; ಸಣ್ಣ ಒಂಟಿ ಜೇನು ಗೂಡಿನಿಂದ ಕೆಲವು ನೂರು ಮೀಟರಿನಾಚೆಗೆ ಹೋಗುವುದು ಅಪರೂಪ. ಅಂದರೆ ಅದರ ಇಡೀ ಪ್ರಪಂಚ ನಮ್ಮ ಶಾಲೆಯ ಗಂಟೆ ಕೇಳಿಸುವಷ್ಟು ದೂರದೊಳಗೆ ಮುಗಿದುಹೋಗುತ್ತದೆ. ಆ ಅಳತೆಯೊಳಗೆ ಗೂಡಿಗೊಂದು ತೂತು, ಹೂವಿಗೊಂದು ಬೇಲಿ ಎರಡೂ ಇದ್ದರೆ ಅದು ಬದುಕುತ್ತದೆ; ಒಂದು ಹೋದರೂ ಇಲ್ಲವಾಗುತ್ತದೆ.

ಎಲ್ಲ ಒಂಟಿ ಜೇನೂ ಎಲೆ ಕತ್ತರಿಸುವುದಿಲ್ಲ. ಕಪ್ಪು ಹೊಟ್ಟೆಯ ಮೇಲೆ ನೀಲಿ ಪಟ್ಟೆ ಹೊಳೆಯುವ ಒಂದು ಜೇನಿದೆ. ಅದು ಮಣ್ಣಿನ ದಿಬ್ಬದಲ್ಲಿ, ಹಳೆಯ ಮಣ್ಣುಗೋಡೆಯಲ್ಲಿ ಬಿಲ ತೋಡುತ್ತದೆ. ಸಂಜೆಯಾದರೆ ಇದರ ಗಂಡುಗಳು ಒಣ ಕಡ್ಡಿಯೊಂದನ್ನು ದವಡೆಯಿಂದ ಕಚ್ಚಿಕೊಂಡು, ಸಾಲಾಗಿ ಹಾಗೆಯೇ ನಿದ್ದೆ ಹೋಗುತ್ತವೆ. ಇನ್ನೊಂದು, ಬೆವರಿದ ಕೈಯ ಮೇಲೆ ಕುಳಿತು ಉಪ್ಪು ಹೀರುವ ಪುಟ್ಟ ಜೇನು. ಅದರ ಬಿಲದ ಬಾಯಿ ಬರಿಯ ನೆಲದಲ್ಲಿ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ. ಮತ್ತೊಂದು, ಒಣಮರ ಕೊರೆದು ಸುರಂಗ ಮಾಡುವ ದೊಡ್ಡ ಕರಿಯ ದುಂಬಿ. ನಮ್ಮ ಕವಿಗಳು ಕಂಡ ದುಂಬಿ ಬಹುಶಃ ಇದೇ ಇರಬೇಕು. ಮನುಷ್ಯ ಜನ್ಮ ಸಿಗದಿದ್ದರೆ ಬನವಾಸಿಯ ನಂದನವನದಲ್ಲಿ ಕೋಗಿಲೆಯಾಗಿಯೋ ದುಂಬಿಯ ಮರಿಯಾಗಿಯೋ ಹುಟ್ಟಿದರೂ ಸಾಕೆಂದು ಹತ್ತನೆಯ ಶತಮಾನದಲ್ಲಿ ಪಂಪ ಹಂಬಲಿಸಿದ್ದನ್ನು ನಾವು ಪ್ರತಿವರ್ಷ ತರಗತಿಯಲ್ಲಿ ಭಾವಪೂರ್ಣವಾಗಿ ಪಾಠ ಮಾಡುತ್ತೇವೆ. ಆದರೆ ಆ ದುಂಬಿಯ ಮರಿ ಎಲ್ಲಿ ಹುಟ್ಟುತ್ತದೆ, ಏನು ತಿನ್ನುತ್ತದೆ ಎಂದು ಮಕ್ಕಳು ಕೇಳಿದ್ದರೆ, ಒಣಮರದ ಸುರಂಗದಲ್ಲಿ ಹುಟ್ಟಿ ಕೆಲವು ದಿನ ತಾಯಿ ತಂದ ಆಹಾರದಲ್ಲಿ ಬೆಳೆಯುತ್ತದೆ ಎಂಬ ಉತ್ತರ ನಮ್ಮಲ್ಲಿ ಇರಲಿಲ್ಲ. ಕವಿಯ ಪದದ ಅರ್ಥ ಹೇಳಿದೆವು; ಪದದ ಹಿಂದಿನ ಜೀವವನ್ನು ತೋರಿಸಲಿಲ್ಲ.

ಝೇಂಕಾರ ಎಂಬ ಮಾತೂ ಹಾಗೆಯೇ. ದುಂಬಿ ಹಾಡುತ್ತದೆ ಎಂದು ಹೇಳಿಕೊಟ್ಟೆವು. ಅದು ಹಾಡಷ್ಟೇ ಅಲ್ಲ, ದುಡಿಮೆ. ಬದನೆ, ಟೊಮೇಟೊ, ತಂಗಡಿ ಮುಂತಾದ ಹೂಗಳಲ್ಲಿ ಪರಾಗ ಹೊರಗೆ ಉದುರಿಕೊಂಡಿರುವುದಿಲ್ಲ. ಕೇಸರದ ತುದಿಯಲ್ಲಿ ಸಣ್ಣ ತೂತಿದ್ದು, ಉಪ್ಪಿನ ಡಬ್ಬಿಯಲ್ಲಿದ್ದಂತೆ ಒಳಗಿರುತ್ತದೆ. ದುಂಬಿಯೂ ನೀಲಿಪಟ್ಟೆಯ ಜೇನೂ ಆ ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬೀಸದೆಯೇ ಎದೆಯ ಸ್ನಾಯುಗಳನ್ನು ಅದುರಿಸುತ್ತವೆ. ಆ ಅದುರಿಗೆ ಪರಾಗ ಹೊಗೆಯಂತೆ ಚಿಮ್ಮುತ್ತದೆ. ನಮಗೆ ಕೇಳಿಸುವ 'ಝೀಂ' ಎಂಬ ಸದ್ದು ಅದೇ. ಬದನೆಯೂ ಟೊಮೇಟೊವೂ ಗಾಳಿಯ ಅಲುಗಾಟಕ್ಕೆ ತಾವಾಗಿಯೇ ಅಷ್ಟಿಷ್ಟು ಕಾಯಿ ಕಟ್ಟಬಲ್ಲವು, ನಿಜ. ಆದರೆ ಈ ಜೇನುಗಳು ಬಂದ ಹೂವಿನಲ್ಲಿ ಕಾಯಿ ಚೆನ್ನಾಗಿ ಕಟ್ಟುತ್ತದೆ, ದಪ್ಪವಾಗುತ್ತದೆ. ಪೆಟ್ಟಿಗೆಯ ಜೇನಿಗೆ, ಅದು ತುಡುವೆಯಾಗಲಿ ಇಟಲಿ ಜೇನಾಗಲಿ, ಹೀಗೆ ಹೂವನ್ನು ಅದುರಿಸುವ ವಿದ್ಯೆ ಬಾರದು.

ತೊಗರಿಯ ಹೂವಿನದು ಇನ್ನೊಂದು ಬಗೆ. ಅದರ ಕೆಳಗಿನ ಎಸಳುಗಳು ದೋಣಿಯಂತೆ ಮುಚ್ಚಿಕೊಂಡಿರುತ್ತವೆ. ತೂಕದ ಜೇನೊಂದು ಬಂದು ಕುಳಿತು ಒತ್ತಿದಾಗ ದೋಣಿ ತೆರೆದು ಕೇಸರ ಅದರ ಹೊಟ್ಟೆಗೆ ತಾಗುತ್ತದೆ. ಈ ಕೆಲಸದಲ್ಲಿ ಎಲೆ ಕತ್ತರಿಸುವ ಜೇನು, ಮರ ಕೊರೆಯುವ ದುಂಬಿಗಳೇ ಮುಂದಾಳುಗಳು. ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬಿನ ಹಳದಿ ಹೂವೂ ಇಂಥ ದೊಡ್ಡ ಜೇನುಗಳಿಲ್ಲದೆ ಸರಿಯಾಗಿ ಬೀಜ ಕಟ್ಟದು. ಎಕ್ಕದ ಹೂವಿನಲ್ಲಂತೂ ಪರಾಗ ಪುಡಿಯಾಗಿರದೆ ಜೋಡಿ ಚೀಲಗಳಲ್ಲಿರುತ್ತದೆ. ಅದನ್ನು ಕಾಲಿಗೆ ಸಿಕ್ಕಿಸಿಕೊಂಡು ಎಳೆದೊಯ್ಯುವ ಬಲವಿರುವುದು ದುಂಬಿಗೆ.

ಹೊಲದ ಬೆಳೆಗೆ ಇಷ್ಟೆಲ್ಲ ಉಪಕಾರ ಮಾಡುವ ಜೇನಿಗೆ ಹೊಲದ ಬೆಳೆಯೊಂದೇ ಸಾಲದು ಎಂಬುದನ್ನು ಪೋಷಕರು ವಿಶೇಷವಾಗಿ ಗಮನಿಸಬೇಕು. ತೊಗರಿ ಹೂ ಬಿಡುವುದು ಕೆಲವು ವಾರ. ಉಳಿದ ದಿನಗಳಲ್ಲಿ ಅದು ಎಲ್ಲಿಗೆ ಹೋಗಬೇಕು? ಬದುವಿನ ತುಂಬೆಗೆ, ಬೇಲಿಯ ತಂಗಡಿಗೆ, ಬೀಳಿನ ಎಕ್ಕಕ್ಕೆ, ಹಿತ್ತಲ ತುಳಸಿಗೆ. ನಾವು ಕಳೆ ಎಂದು ಕರೆಯುವುದು ಅದರ ಪಾಲಿನ ಕಣಜ.

ನೆಗಮಂನಲ್ಲಿ ನಮಗೆ ಈ ಮಾತು ಕಣ್ಣಿಗೆ ಕಟ್ಟಿತು. ಆ ಸೀಮೆ ಹಿಂದೆ ಮಳೆ ನಂಬಿದ ಹತ್ತಿ, ಜೋಳ, ಕಾಳುಗಳ ಬಯಲು. ಕಳೆದ ಶತಮಾನದ ಅರವತ್ತರ ದಶಕದಿಂದೀಚೆಗೆ ಪರಂಬಿಕುಳಂ–ಆಳಿಯಾರ್ ಯೋಜನೆಯ ಕಾಲುವೆ ನೀರು ಬಂದು ಪೊಳ್ಳಾಚಿಯ ಸುತ್ತಮುತ್ತ ತೆಂಗು ಹಬ್ಬಿತು. ನೀರು ಬಂದದ್ದು ರೈತನಿಗೆ ಭಾಗ್ಯವೇ. ಅದನ್ನು ಯಾರೂ ಅಲ್ಲಗಳೆಯಲಾರರು. ತೆಂಗಿನ ಹೊಂಬಾಳೆ ವರ್ಷವಿಡೀ ಅರಳುವುದರಿಂದ ಕೆಲವು ಜೇನುಗಳಿಗೂ ಊಟವುಂಟು. ಆದರೆ ಮರದ ಕೆಳಗಿನ ನೆಲವನ್ನು ಒಂದು ಹುಲ್ಲುಕಡ್ಡಿಯಿಲ್ಲದಂತೆ ಬೋಳಿಸಿದ ತೋಟಗಳನ್ನೂ ಕಂಡೆವು. ಬದುವಿನ ಗಿಡಗಳು ಕಳೆನಾಶಕಕ್ಕೆ ಸುಟ್ಟು ಕಂದುಬಣ್ಣಕ್ಕೆ ತಿರುಗಿದ್ದವು. ಇನ್ನೊಂದು ತೋಟದಲ್ಲಿ ಸಾಲುಗಳ ನಡುವೆ ಸೆಣಬು ಹೂಬಿಟ್ಟು ನಿಂತಿತ್ತು. ಬಸ್ಸು ನಿಲ್ಲಿಸಿ ಮಕ್ಕಳನ್ನು ಅಲ್ಲಿ ಇಳಿಸಿದಾಗ ದುಂಬಿಗಳ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ಎರಡು ತೋಟಗಳ ನಡುವೆ ಇದ್ದದ್ದು ಒಂದು ಮಣ್ಣಿನ ದಾರಿ ಮಾತ್ರ.

ಆ ಮನೆಯ ಅಜ್ಜಿ ಇನ್ನೊಂದು ಸಂಗತಿ ಹೇಳಿದರು. ಆ ಕೊಂಗುನಾಡಿನಲ್ಲಿ ಪೊಂಗಲ್ಲಿನ ಹಿಂದಿನ ದಿನ ಮನೆಬಾಗಿಲಿಗೆ, ಹೊಲಕ್ಕೆ, ಕೊಟ್ಟಿಗೆಗೆ 'ಕಾಪ್ಪು' ಕಟ್ಟುವ ಸಂಪ್ರದಾಯವಿದೆ. ಅದಕ್ಕೆ ಬೇಕಾದದ್ದು ಬೇವಿನ ಸೊಪ್ಪು, ನಾವು ತಂಗಡಿ ಎನ್ನುವ ಆವಾರಂ ಹೂ, ಮತ್ತು ಪೂಳೈ ಎಂಬ ಬಿಳಿಯ ಕಾಡುಹೂ. "ನಾನು ಮದುವೆಯಾಗಿ ಬಂದಾಗ ಮನೆ ಹಿಂದಿನ ಬೀಳಿನಲ್ಲೇ ಮಡಿಲು ತುಂಬ ಕಿತ್ತು ತರ್ತಿದ್ದೆ. ಈಗ ಬಸ್ಸ್ಟ್ಯಾಂಡ್ ಹತ್ರ ಕಟ್ಟು ಕಟ್ಟಿ ಮಾರ್ತಾರೆ, ಕಾಸು ಕೊಟ್ಟು ತರ್ತೀವಿ" ಎಂದರು. ಮನುಷ್ಯನಿಗೇನೋ ಕಾಸು ಕೊಟ್ಟರೆ ಹೂ ಸಿಕ್ಕೀತು. ಆ ಹೂವನ್ನೇ ನಂಬಿದ ಜೇನು ಯಾವ ಬಸ್ಸ್ಟ್ಯಾಂಡಿಗೆ ಹೋಗಬೇಕು?

ಇದಕ್ಕೆ ಪರಿಹಾರವೇನೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, "ಜೇನುಪೆಟ್ಟಿಗೆ ಇಡೋಣ." ಕೇಂದ್ರ ಸರ್ಕಾರವು 2020ರಲ್ಲಿ ಜೇನು ಸಾಕಣೆಗಾಗಿ 500 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿತು. ಪೆಟ್ಟಿಗೆ ಜೇನು ಒಳ್ಳೆಯದೇ. ತುಪ್ಪ ಬರುತ್ತದೆ, ಸೂರ್ಯಕಾಂತಿ, ಸಾಸಿವೆ ಮುಂತಾದ ಬೆಳೆಗಳಿಗೆ ಅನುಕೂಲ. ನಾವು ಅದನ್ನು ವಿರೋಧಿಸುವುದಿಲ್ಲ. ಆದರೆ ಪೆಟ್ಟಿಗೆ ಇಟ್ಟರೆ ಕೆಲಸ ಮುಗಿಯಿತು ಎಂಬ ನಂಬಿಕೆ ತಪ್ಪು. ಒಂದೇ ಜೇನನ್ನು ನೆಚ್ಚಿದರೆ ಏನಾಗುತ್ತದೆಂಬುದನ್ನು ದಕ್ಷಿಣ ಭಾರತ ಒಮ್ಮೆ ಅನುಭವಿಸಿದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತಗುಲಿ ತುಡುವೆ ಜೇನಿನ ಪೆಟ್ಟಿಗೆಗಳು ಸಾವಿರಗಟ್ಟಲೆ ಬರಿದಾದವು. ಅಲ್ಲದೆ ಮೇಲೆ ಹೇಳಿದಂತೆ ಬದನೆಯ ಹೂವನ್ನು ಅದುರಿಸುವ ಕೆಲಸಕ್ಕೆ ಪೆಟ್ಟಿಗೆ ಜೇನು ಬಾರದು. ಒಂದು ಊರಿಗೆ ಬಡಗಿ, ಕಮ್ಮಾರ, ನೇಕಾರ, ಕುಂಬಾರ ಎಲ್ಲರೂ ಬೇಕಾದಂತೆ ಹೂವಿನ ಲೋಕಕ್ಕೂ ಬಗೆಬಗೆಯ ಕಸುಬಿನವರು ಬೇಕು.

ಜೇನು ಬಾರದಿದ್ದರೆ ಆ ಕೆಲಸವನ್ನು ಮನುಷ್ಯನೇ ಮಾಡಬೇಕಾಗುತ್ತದೆ. ಇದು ಕಲ್ಪನೆಯಲ್ಲ. ನಮ್ಮ ಮಲೆನಾಡಿನ ತೋಟಗಳಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ವೆನಿಲ್ಲಾ ಬೆಳೆಯ ಭರಾಟೆ ನಡೆದದ್ದು ಪೋಷಕರಲ್ಲಿ ಕೆಲವರಿಗೆ ನೆನಪಿರಬಹುದು. ಆ ಬಳ್ಳಿ ಮೆಕ್ಸಿಕೋ ಕಡೆಯದು. ಬಳ್ಳಿ ಕಡಲು ದಾಟಿ ಬಂತು. ಅದರ ಹೂವಿಗೆ ಬೇಕಾದ ಜೇನು ಬರಲಿಲ್ಲ. ಹೂ ಅರಳಿ ನಿಲ್ಲುವುದು ಒಂದೇ ದಿನದ ಬೆಳಿಗ್ಗೆ. ಅಷ್ಟರೊಳಗೆ ಕೈಯಿಂದ ಪರಾಗ ಮುಟ್ಟಿಸದಿದ್ದರೆ ಕಾಯಿಯಿಲ್ಲ. ಈ ಕೈಚಳಕವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಬಾಲಕ. ಒಂದು ಸಣ್ಣ ಕಡ್ಡಿ, ಒಂದು ಹೆಬ್ಬೆರಳು, ಅಷ್ಟೇ ಅವನ ಸಲಕರಣೆ. ಇಂದಿಗೂ ಲೋಕದ ವೆನಿಲ್ಲಾ ಬಹುತೇಕ ಅದೇ ರೀತಿ ಒಂದೊಂದೇ ಹೂವಿಗೆ ಕೈಯಿಟ್ಟು ಬೆಳೆಯುವುದು. ಅದು ಬೆಲೆಬಾಳುವ ಬೆಳೆ, ಕೂಲಿ ಕೊಟ್ಟಾರು. ತೊಗರಿಯ ಒಂದೊಂದು ಹೂವಿಗೆ ಕೂಲಿಯಾಳಿಟ್ಟು ಯಾವ ರೈತ ಬದುಕಿಯಾನು? ಜಗತ್ತಿನ ಮುಖ್ಯ ಆಹಾರ ಬೆಳೆಗಳ ಬಗೆಗಳಲ್ಲಿ ನೂರಕ್ಕೆ 75ರಷ್ಟು ಸ್ವಲ್ಪವಾದರೂ ಪ್ರಾಣಿಗಳ ಪರಾಗಸ್ಪರ್ಶವನ್ನು ಅವಲಂಬಿಸಿವೆ ಎಂದು ಜೀವವೈವಿಧ್ಯದ ಅಂತರರಾಷ್ಟ್ರೀಯ ವೇದಿಕೆ 2016ರಲ್ಲಿ ವರದಿ ಮಾಡಿದೆ. ಇಷ್ಟು ದೊಡ್ಡ ಕೆಲಸ ಇದುವರೆಗೆ ನಮಗೆ ಬಿಟ್ಟಿ ನಡೆದಿದೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬ ಗಾದೆಯಂತೆ ನಾವು ನಡೆದುಕೊಂಡಿದ್ದೇವೆ.

ಪೋಷಕರ ಕಡೆಯ ಮಾತನ್ನೂ ನಾವು ಬಲ್ಲೆವು. ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೈಗೆಟಕುವುದಿಲ್ಲ. ಔಷಧ ಹೊಡೆಯದೆ ಮಾಡುವುದೇನು? ನ್ಯಾಯವಾದ ಪ್ರಶ್ನೆ. ಬೆಳೆಯ ನಡುವೆ ಕಳೆ ಬಿಡಿ ಎಂದು ಪಾಠ ಹೇಳುವವರು ನಾವಲ್ಲ. ನಾವು ಕೇಳುವುದು ಬದು ಮತ್ತು ಬೇಲಿಯನ್ನು ಮಾತ್ರ. ಅಲ್ಲಿ ಬೆಳೆ ಇಲ್ಲ. ಅಲ್ಲಿನ ತುಂಬೆಯಿಂದ ನಷ್ಟವೂ ಇಲ್ಲ. ಬೆಳೆಗೆ ಕೀಟನಾಶಕ ಹೊಡೆಯಲೇಬೇಕಾದರೆ ಹೂವಿನ ಮೇಲೆ ಬೆಳಗಿನ ಹೊತ್ತು ಬೇಡ. ಜೇನುಗಳು ಗೂಡಿಗೆ ಮರಳಿದ ಸಂಜೆ ಹೊಡೆಯಬಹುದು. ಹಸಿರುಗೋಡೆಯಂಥ ಬೇಲಿಯಲ್ಲಿ ಹಾವು ಸೇರುತ್ತದೆ ಎಂಬ ಅಂಜಿಕೆಯೂ ಸುಳ್ಳಲ್ಲ. ಮಕ್ಕಳು ಓಡಾಡುವ ದಾರಿ ಚೊಕ್ಕಟವಾಗಿರಲಿ. ಮೂಲೆಯ ಒಂದು ಪಟ್ಟಿ ಹಾಗೇ ಇರಲಿ. ದುಂಬಿ ತೊಲೆ ಕೊರೆಯುತ್ತದೆ ಎನ್ನುವವರು ಹಿತ್ತಲಲ್ಲಿ ಎರಡು ಒಣ ದಿಮ್ಮಿ ಒರಗಿಸಿಟ್ಟು, ತೊಲೆಗೆ ಬಣ್ಣ ಬಳಿಸಬಹುದು.

ಈಗ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಎರಡು ವರ್ಷಗಳ ಹಿಂದೆ ಶಾಲಾ ವಾರ್ಷಿಕೋತ್ಸವಕ್ಕೆ ಮುಂಚೆ ಶ್ರಮದಾನದ ಹೊಣೆ ನಮ್ಮ ಮೇಲಿತ್ತು. ಶಾಲೆಯ ಹಿಂಭಾಗದಲ್ಲಿ ಹಳೆಯ ಮಣ್ಣಿನ ದಿಬ್ಬವೊಂದಿತ್ತು. ಅದರ ತುಂಬ ಬೆರಳು ಹೋಗುವಷ್ಟು ತೂತುಗಳು, ಅದರ ಮುಂದೆ ಮೊಳಕಾಲೆತ್ತರ ತುಂಬೆ. ಅತಿಥಿಗಳು ಬರುತ್ತಾರೆ, ಅಸಹ್ಯವಾಗಿ ಕಾಣಬಾರದೆಂದು ನಾವೇ ಮುಂದೆ ನಿಂತು ತುಂಬೆ ಕೀಳಿಸಿದೆವು, ದಿಬ್ಬ ಕೆರೆಸಿ ಸಮ ಮಾಡಿಸಿದೆವು, ಅದರ ಮೇಲೆ ಸಿಮೆಂಟು ಹಾಕಿಸಿದೆವು. ನಾಲ್ಕು ದಿನ ಕಳೆದ ಮೇಲೆ ಆರನೆಯ ತರಗತಿಯ ಹುಡುಗಿಯೊಬ್ಬಳು, "ಸಾರ್, ಅಲ್ಲಿ ನೀಲಿ ಪಟ್ಟೆ ಹುಳಗಳಿದ್ದವಲ್ಲ, ಎಲ್ಲಿ ಹೋದವು?" ಎಂದು ಕೇಳಿದಳು. ನಾವು ಪುಸ್ತಕದಿಂದ ತಲೆಯೆತ್ತದೆ, "ಬೇರೆ ಕಡೆ ಹೋಗಿರುತ್ತವೆ" ಎಂದೆವು.

ನೆಗಮಂನ ಆ ನೇಕಾರರು "ಒಳಗೆ ಮಕ್ಕಳವೆ" ಎಂದಾಗ ನಮಗೆ ಆ ಹುಡುಗಿಯ ಪ್ರಶ್ನೆ ನೆನಪಾಯಿತು. ಅವು ಬೇರೆ ಕಡೆ ಹೋಗಲಿಲ್ಲ. ಹಾರುವ ತಾಯಂದಿರು ಹೋಗಿರಬಹುದು. ಮುಚ್ಚಿದ ಬಟ್ಟಲುಗಳಲ್ಲಿ ಬುತ್ತಿ ತಿನ್ನುತ್ತಿದ್ದ ಮುಂದಿನ ವರ್ಷದ ಸಂತತಿ ಸಿಮೆಂಟಿನ ಕೆಳಗೇ ಉಳಿಯಿತು. ಶಾಲೆಯ ಕೈತೋಟದ ಬದನೆ ಅನಂತರ ಮೊದಲಿನಷ್ಟು ಕಾಯಿ ಬಿಟ್ಟಿಲ್ಲ. ಕಾರಣ ಇದೊಂದೇ ಎಂದು ನಾವು ಹೇಳಲಾರೆವು. ಆದರೆ ವಿಜ್ಞಾನ ಓದದ ಒಬ್ಬ ನೇಕಾರರು ಹೆಸರು ಗೊತ್ತಿಲ್ಲದ ಹುಳದ ಬಾಗಿಲನ್ನು ಕಾಯುತ್ತಿದ್ದಾರೆ. ತರಬೇತಿ ಪಡೆದ ಉಪಾಧ್ಯಾಯರಾದ ನಾವು ಅದರ ಬಾಗಿಲಿಗೆ ಸಿಮೆಂಟು ಬಳಿದೆವು. ಇದನ್ನು ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಕಳೆದುಹೋಯಿತೆಂದು ಕೈಬಿಟ್ಟದ್ದು ಮತ್ತೆ ಸಿಕ್ಕ ಉದಾಹರಣೆಗಳೂ ಉಂಟು. ಲೋಕದ ಅತಿ ದೊಡ್ಡ ಜೇನು, ಎಲೆ ಕತ್ತರಿಸುವ ಜೇನಿನ ಬಳಗಕ್ಕೇ ಸೇರಿದ್ದು, ಇಂಡೊನೇಷ್ಯದ ಮಲುಕು ದ್ವೀಪಗಳಲ್ಲಿದೆ. ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸ್ಸೆಲ್ ವಾಲೇಸ್ 1858ರಲ್ಲಿ ಅದನ್ನು ಸಂಗ್ರಹಿಸಿದ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 1981ರಲ್ಲಿ ಮತ್ತೆ ಕಂಡಿತು, ಪುನಃ ಮರೆಯಾಯಿತು. 2019ರ ಜನವರಿಯಲ್ಲಿ ಮರದ ಮೇಲಿನ ಗೆದ್ದಲು ಗೂಡೊಂದರಲ್ಲಿ ಜೀವಂತವಾಗಿ ಸಿಕ್ಕಿ ಛಾಯಾಚಿತ್ರಕ್ಕೆ ಒಳಗಾಯಿತು. ಅದಕ್ಕೊಂದು ಹೆಸರಿತ್ತು, ಆದ್ದರಿಂದಲೇ ಹುಡುಕುವವರಿದ್ದರು. ನಮ್ಮ ಬದುವಿನ ಯಾವ ಜೇನು ಸಾಮಾನ್ಯ, ಯಾವುದು ಅಪರೂಪ ಎಂದು ಹೇಳಬೇಕಾದರೆ ಮೊದಲು ಅವನ್ನು ಒಂದೊಂದಾಗಿ ನೋಡಿ ಗುರುತಿಸಿದವರು ಬೇಕಲ್ಲವೇ?

ಆದ್ದರಿಂದ ಈ ವರ್ಷ ನಮ್ಮ ಶಾಲೆಯಲ್ಲಿ ಒಂದು ಸಣ್ಣ ಕೆಲಸ ಆರಂಭವಾಗಿದೆ. ಹಿಂಭಾಗದ ಕಾಂಪೌಂಡಿನ ಉದ್ದಕ್ಕೂ ಹತ್ತಡಿ ಅಗಲದ ಪಟ್ಟಿಯನ್ನು ಕೀಳದೆ, ಕೆರೆಯದೆ ಬಿಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಮಕ್ಕಳು ಅಲ್ಲಿ ತಂಗಡಿಯ ಬೀಜ ಹಾಕಿದ್ದಾರೆ. ತುಂಬೆ ಹಾಕಬೇಕಾಗಿಲ್ಲ, ತಾನೇ ಬರುತ್ತದೆ. ಬೆರಳು ಗಾತ್ರದ ಬಿದಿರಿನ ತುಂಡುಗಳನ್ನು ಕಟ್ಟಿ, ಮಳೆ ಬೀಳದ ಜಾಗದಲ್ಲಿ ಬಾಯಿ ಬೆಳಗಿನ ಬಿಸಿಲಿಗೆ ಮುಖ ಮಾಡುವಂತೆ ತೂಗುಹಾಕಿದ್ದಾರೆ. ಮಣ್ಣಿನ ಒಂದು ಹೊಸ ದಿಬ್ಬವೂ ಆಗಿದೆ. ಇದಕ್ಕೆ ಆದ ಖರ್ಚು ಶೂನ್ಯ. ಇಂಥದೇ ಒಂದು ಪಟ್ಟಿಯನ್ನು ಪ್ರತಿಯೊಂದು ಮನೆಯವರೂ ತಮ್ಮ ಹೊಲದ ಬದುವಿನಲ್ಲಿ ಬಿಡಬೇಕೆಂದು ಪೋಷಕರಲ್ಲಿ ವಿನಂತಿಸುತ್ತೇವೆ.

ಮಕ್ಕಳಿಗೆ ಒಂದು ಮನೆಗೆಲಸ. ಬೇಸಿಗೆ ರಜೆ ಮುಗಿದು ಮಳೆ ಬಿದ್ದ ಮೇಲೆ, ತುಂಬೆ ಹೂಬಿಟ್ಟಾಗ, ಅದರ ಮುಂದೆ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ. ಬಂದ ಜೇನು ಯಾವ ಬಣ್ಣ, ಪರಾಗವನ್ನು ಕಾಲಿನಲ್ಲಿ ಹೊತ್ತಿತೋ ಹೊಟ್ಟೆಯಲ್ಲಿ ಹೊತ್ತಿತೋ, ಎಲ್ಲಿಗೆ ಹೋಯಿತು, ಬರೆದಿಡಿ. ಹಿಡಿಯುವುದು, ಕೊಲ್ಲುವುದು ಬೇಡ. ಅದಕ್ಕೆ ನಿಮ್ಮ ಊರಿನಲ್ಲಿ ಹೆಸರಿದೆಯೇ ಎಂದು ಅಜ್ಜ ಅಜ್ಜಿಯರನ್ನು ಕೇಳಿ. ಇದ್ದರೆ ಆ ಹೆಸರು ತನ್ನಿ. ಇಲ್ಲದಿದ್ದರೆ ನೀವೇ ಒಂದು ಒಳ್ಳೆಯ ಕನ್ನಡ ಹೆಸರಿಡಿ. ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಆ ಪಟ್ಟಿಯನ್ನು ನಿಮ್ಮ ಹೆಸರುಗಳೊಡನೆ ಪ್ರಕಟಿಸುತ್ತೇವೆ.

ಆ ಹುಡುಗಿ ಈಗ ಎಂಟನೆಯ ತರಗತಿಯಲ್ಲಿದ್ದಾಳೆ. ಹೊಸ ದಿಬ್ಬವನ್ನು ದಿನವೂ ಮಧ್ಯಾಹ್ನ ಹೋಗಿ ನೋಡಿಬರುತ್ತಾಳೆ. ಇದನ್ನು ಬರೆಯುವ ಹೊತ್ತಿಗೆ ಅದರಲ್ಲಿ ಇನ್ನೂ ಒಂದು ತೂತೂ ಬಿದ್ದಿಲ್ಲ. ಹತ್ತಿರದಲ್ಲಿ ಎಲ್ಲಾದರೂ ಒಂದು ತಾಯಿ ಉಳಿದಿದ್ದರೆ ಬಂದೀತೆಂದು ಅವಳಿಗೆ ಹೇಳಿದ್ದೇವೆ. ಈ ಸಲ ತಲೆಯೆತ್ತಿ, ಗೊತ್ತಿದ್ದಷ್ಟನ್ನೇ ಹೇಳಿದ್ದೇವೆ.